ನೀರು ನಿಂತಾಗ ಕಾಣುವ ಹೂಳು



ಮಕ್ಕಳೇ, ಕಳೆದ ಭಾನುವಾರ ಬಲಿಪೂಜೆ ಮುಗಿದ ಮೇಲೆ ನಿಮ್ಮಲ್ಲೊಬ್ಬ ನನ್ನ ಪಕ್ಕ ಬಂದು ನಿಂತ. ಬೆಂಗಳೂರಿನಲ್ಲಿ ಕೆಲಸ. ಶನಿವಾರ ರಾತ್ರಿ ಬಸ್ಸು ಹತ್ತಿ ಬೆಳಗಿನ ಜಾವ ದಾವಣಗೆರೆಯಲ್ಲಿ ಇಳಿದಿದ್ದ. ಭಾನುವಾರ ರಾತ್ರಿಯೇ ಮತ್ತೆ ಬಸ್ಸು ಹತ್ತಬೇಕಿತ್ತು. ನಿದ್ದೆಗೆಟ್ಟು ಕಣ್ಣು ಕೆಂಪಗಾಗಿತ್ತು. "ಮೇಷ್ಟ್ರೇ, ಪೂಜೇಲಿ ನಿಂತಿರ್ತೀನಿ, ಬಾಯಿ ಪ್ರಾರ್ಥನೆ ಹೇಳ್ತಿರುತ್ತೆ. ಒಳಗೆ ಮಾತ್ರ ಏನೂ ಇಲ್ಲ, ಒಣಗಿ ಹೋಗಿದೆ. ದೇವರೇ ದೂರ ಹೋದ್ನೋ, ನಾನೇ ದೂರ ಹೋದ್ನೋ ತಿಳೀತಿಲ್ಲ" ಅಂದ. ಅಲ್ಲೇ ಏನೋ ಎರಡು ಮಾತು ಹೇಳಿ, ಬೆನ್ನು ತಟ್ಟಿ ಕಳಿಸಿದೆ. ಮನೆಗೆ ಬಂದ ಮೇಲೂ ಅವನ ಮಾತು ನನ್ನನ್ನು ಬಿಡಲಿಲ್ಲ. ಆ ಹುಡುಗನಿಗೆ ಸಾವಧಾನವಾಗಿ ಹೇಳಬೇಕಿದ್ದದ್ದನ್ನು ಈಗ ಅವನಿಗೂ ನಿಮಗೆಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ. ಎಪ್ಪತ್ತು ದಾಟಿದವನ ಕಿವಿಮಾತು ಇದು, ಮನಸ್ಸಿಟ್ಟು ಕೇಳಿ.

ನಮ್ಮಪ್ಪ ಭದ್ರಾ ನಾಲೆಯ ಸೌಡಿಯಾಗಿದ್ದರು. ನಾಲೆಯ ತೂಬು ಕಾಯುವುದು, ಯಾವ ದಿನ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನುವ ಸರದಿ ನೋಡಿಕೊಳ್ಳುವುದು ಸೌಡಿಯ ಕೆಲಸ. ಅಣೆಕಟ್ಟೆ ಇರುವುದು ದೂರದ ಲಕ್ಕವಳ್ಳಿಯಲ್ಲಿ. ಅಲ್ಲಿಂದ ಹೊರಟ ನೀರು ಎಷ್ಟೋ ಊರು ದಾಟಿ ನಮ್ಮ ಮಲೇಬೆನ್ನೂರು, ಹರಿಹರ, ದಾವಣಗೆರೆ ಕಡೆಗೆ ಬರಬೇಕು. ನಾವು ಅಚ್ಚುಕಟ್ಟಿನ ಕೊನೆ ಭಾಗದವರು. ಕೊನೆ ಭಾಗದ ರೈತನ ಕಷ್ಟ ಏನೆಂದು ಈ ಜಿಲ್ಲೆಯ ಮಕ್ಕಳಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಜಲಾಶಯ ತುಂಬಿ 186 ಅಡಿ ಮುಟ್ಟಿತು ಎಂದು ಊರೆಲ್ಲ ಸಂಭ್ರಮಪಟ್ಟ ವರ್ಷವೂ ಕೊನೆಯ ಗದ್ದೆ ಬಿರುಕು ಬಿಟ್ಟದ್ದುಂಟು. ಅಣೆಕಟ್ಟೆಯಲ್ಲಿ ನೀರಿಗೆ ಬರವಿರಲಿಲ್ಲ. ನಡುವಿನ ನಾಲೆಯಲ್ಲಿ ಹೂಳು ತುಂಬಿತ್ತು.

ಬೇಸಿಗೆ ಬೆಳೆ ಕೊಯ್ಲಿಗೆ ಬಂದ ಮೇಲೆ ನಾಲೆಗೆ ನೀರು ನಿಲ್ಲಿಸುತ್ತಾರೆ. ಹುಡುಗರಾದ ನಮಗೆ ಅದೊಂದು ಹಬ್ಬ. ಎದೆಮಟ್ಟ ನೀರು ಹರಿಯುತ್ತಿದ್ದ ಜಾಗದಲ್ಲಿ ಇಳಿದು ಓಡಾಡಬಹುದಿತ್ತು. ಅಲ್ಲಲ್ಲಿ ನಿಂತ ಗುಂಡಿಗಳಲ್ಲಿ ಮೀನು ಹಿಡಿಯುತ್ತಿದ್ದೆವು. ಆಗಲೇ ನಾಲೆಯ ಹೊಟ್ಟೆಯೊಳಗೆ ಏನೇನಿತ್ತೆಂಬುದು ಕಾಣುತ್ತಿದ್ದದ್ದು: ಮೊಣಕಾಲು ಮುಳುಗುವಷ್ಟು ಕರಿ ಕೆಸರು, ಬೇರು ಬಿಟ್ಟ ಜೊಂಡು, ಹರಿದ ಗೋಣಿಚೀಲ, ಒಂಟಿ ಚಪ್ಪಲಿ, ಯಾರದೋ ಒಡೆದ ಬಳೆಚೂರು. ಮೇಲೆ ನೀರು ತಿಳಿಯಾಗಿ ಹರಿಯುತ್ತಿದ್ದಾಗ ಕೆಳಗೆ ಇಷ್ಟೆಲ್ಲ ಇದೆಯೆಂದು ಯಾರಿಗೂ ಅನಿಸಿರುವುದಿಲ್ಲ. ಆಮೇಲೆ ಆಳುಗಳು ಬಂದು ಸಲಿಕೆಯಲ್ಲಿ ತೆಗೆದು, ಬುಟ್ಟಿಯಲ್ಲಿ ಹೊತ್ತು ಏರಿಯ ಮೇಲೆ ಸುರಿಯುತ್ತಿದ್ದರು.

ನೀರು ನಿಂತ ವಾರದಲ್ಲೇ ಅಪ್ಪ ಒಂದು ದಿನ ತಮಗಾಗಿ ಇಟ್ಟುಕೊಳ್ಳುತ್ತಿದ್ದರು. ಕೋಳಿ ಕೂಗುವ ಹೊತ್ತಿಗೆ ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು, ಅಮ್ಮ ಕಟ್ಟಿಕೊಟ್ಟ ರೊಟ್ಟಿ ಬುತ್ತಿ ಹಿಡಿದು, ಒಬ್ಬರೇ ಬಸ್ಸು ಹತ್ತಿ ಹರಿಹರಕ್ಕೆ ಹೋಗುತ್ತಿದ್ದರು. ಹಬ್ಬವಿಲ್ಲ, ಹರಕೆಯಿಲ್ಲ, ಸಂತೆಯೂ ಇಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ವಾಪಸ್ಸು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಹಟ ಹಿಡಿದು ಜೊತೆಗೆ ಹೋದೆ. ಅಲ್ಲಿನ ಆರೋಗ್ಯ ಮಾತೆಯ ದೇವಾಲಯದಲ್ಲಿ ಮಂಡಿಯೂರಿ ಪ್ರಾರ್ಥಿಸಿದ ಮೇಲೆ ಅಪ್ಪ ನನ್ನನ್ನು ತುಂಗಭದ್ರೆಯ ದಡಕ್ಕೆ ಕರೆದುಕೊಂಡು ಹೋಗಿ ಒಂದು ಮರದ ಕೆಳಗೆ ಕೂತರು. ಕೂತರು ಅಂದರೆ ಕೂತೇಬಿಟ್ಟರು. ಮಾತಿಲ್ಲ, ಬೀಡಿ ಇಲ್ಲ, ಜಪಮಾಲೆಯೂ ಕೈಯಲ್ಲೇ ಸುಮ್ಮನಿತ್ತು. ನಾನು ಕಲ್ಲೆಸೆದೆ, ನೀರಾಡಿದೆ, ಹಸಿವಾಯಿತೆಂದೆ, ರೊಟ್ಟಿ ತಿಂದೆ, ಮತ್ತೆ ಬೇಜಾರಾಯಿತು. ಕೊನೆಗೆ, "ಏನ್ ಮಾಡ್ತಿದೀಯಪ್ಪಾ?" ಅಂತ ಕೇಳಿದೆ.

"ಹೂಳು ನೋಡ್ತಿದೀನಿ" ಅಂದರು.

ಹೊಳೆಯ ಕಡೆ ನೋಡಿದೆ. ನನಗೇನೂ ಕಾಣಲಿಲ್ಲ. ಅಪ್ಪ ತಮ್ಮ ಎದೆಯ ಮೇಲೆ ಕೈಯಿಟ್ಟು ತೋರಿಸಿದರು. "ನೀರು ಹರಿತಿರೋವಾಗ ಹೂಳು ಕಾಣಾದಿಲ್ಲ ಮಗಾ. ನಿಂತಾಗ್ಲೇ ಕಾಣಾದು."

ಅಪ್ಪ ಓದಿದ್ದು ಮೂರನೇ ಕ್ಲಾಸು. ಮುಂದೆ ನಾನು ಮೇಷ್ಟ್ರಾದೆ, ಪ್ರಾರ್ಥನೆಯ ಬಗ್ಗೆ ದಪ್ಪ ದಪ್ಪ ಪುಸ್ತಕ ಓದಿದೆ. ಆ ಒಂದು ಮಾತಿಗಿಂತ ಹೆಚ್ಚಿನದನ್ನು ಯಾವ ಪುಸ್ತಕವೂ ನನಗೆ ಕೊಡಲಿಲ್ಲ.

ಮಕ್ಕಳೇ, "ದೇವರೇ ದೂರ ಹೋದ್ನೋ" ಎಂದು ಕೇಳಿದ ಆ ಹುಡುಗನಿಗೆ ನಾನು ಹೇಳಬೇಕಿದ್ದದ್ದು ಇದೇ. ಅಣೆಕಟ್ಟೆ ತುಂಬಿದೆ ಕಂದಾ. ದೇವರ ಕೃಪೆಗೆ ಬರ ಬಂದಿಲ್ಲ. ನಿನ್ನ ಗದ್ದೆ ಒಣಗಿದ್ದರೆ ನಾಲೆ ನೋಡಬೇಕು. ನಾಲೆ ನೋಡಬೇಕಾದರೆ ಒಂದು ದಿನವಾದರೂ ಹರಿವು ನಿಲ್ಲಿಸಬೇಕು.

ನಿಮ್ಮ ದಿನಗಳ ಹರಿವು ನನಗೆ ಗೊತ್ತಿಲ್ಲದ್ದೇನಲ್ಲ. ಕಾಲೇಜು, ಕೋಚಿಂಗು, ಇಂಟರ್ನಲ್ಸು. ನರ್ಸಿಂಗ್ ಓದುವ ಹೆಣ್ಣುಮಕ್ಕಳಿಗೆ ಆಸ್ಪತ್ರೆಯ ನೈಟ್ ಡ್ಯೂಟಿ. ಫ್ಯಾಕ್ಟರಿಗೆ ಹೋಗುವವರಿಗೆ ಶಿಫ್ಟು. ಅಂಗಡಿಯಲ್ಲಿ ದುಡಿಯುವವರಿಗೆ ಭಾನುವಾರವೇ ಹೆಚ್ಚು ವ್ಯಾಪಾರ. ಮನೆಗೆ ಬಂದರೆ ಬೈಕಿನ ಕಂತು, ತಂಗಿಯ ಫೀಸು. ಇವೆಲ್ಲದರ ನಡುವೆ ಅಂಗೈಯಲ್ಲಿ ಮೊಬೈಲು ಬೆಳಗುತ್ತಲೇ ಇರುತ್ತದೆ. ಇದರಲ್ಲಿ ಬಹುಪಾಲು ಒಳ್ಳೆಯದೇ. ಓದುವುದು, ದುಡಿಯುವುದು, ಮನೆ ನೋಡುವುದು ಪುಣ್ಯದ ಕೆಲಸ. ಆದರೆ ಒಳ್ಳೆಯ ನೀರೇ ಹೂಳನ್ನೂ ತರುತ್ತದೆ ಎಂಬುದನ್ನು ಮರೆಯಬೇಡಿ. ಇನ್ನೊಬ್ಬರ ಫೋಟೊ ನೋಡಿ ಒಳಗೇ ಹುಟ್ಟಿದ ಹೊಟ್ಟೆಕಿಚ್ಚು, ಮೇಲಧಿಕಾರಿ ಅಂದ ಮಾತು ನುಂಗಿಕೊಂಡು ಉಳಿದ ಕಹಿ, ಅಮ್ಮನಿಗೆ ಹೇಳಿದ ಸಣ್ಣ ಸುಳ್ಳು, ಯಾರಿಗೂ ಹೇಳದ ಭಯ, ಇವೆಲ್ಲ ದಿನಕ್ಕೊಂದು ಚಿಟಿಕೆಯಂತೆ ತಳಕ್ಕೆ ಕೂರುತ್ತವೆ. ಒಂದು ದಿನದ ಕೆಸರು ಯಾವ ನಾಲೆಯನ್ನೂ ಕಟ್ಟುವುದಿಲ್ಲ. ಐದು ವರ್ಷದ್ದು ಕಟ್ಟುತ್ತದೆ.

ಯೇಸುಸ್ವಾಮಿಯನ್ನೇ ನೋಡಿ. ಮಾರ್ಕನ ಶುಭಸಂದೇಶದ ಮೊದಲ ಅಧ್ಯಾಯ ಬಿಡಿಸಿ ಓದಿ. ಕಫೆರ್ನೌಮಿನಲ್ಲಿ ಸಂಜೆ ಊರಿಗೆ ಊರೇ ಬಾಗಿಲಲ್ಲಿ ನೆರೆದಿತ್ತು. ರೋಗಿಗಳು, ದೆವ್ವ ಹಿಡಿದವರು, ಅವರ ಮನೆಯವರು. ಕತ್ತಲಾದ ಮೇಲೂ ಸ್ವಾಮಿ ಅವರಲ್ಲಿ ಅನೇಕರನ್ನು ಗುಣಪಡಿಸಿದರು. ಮಾರನೆಯ ದಿನ ಬೆಳಕು ಹರಿಯುವ ಮೊದಲೇ ಎದ್ದು, ಯಾರಿಗೂ ಹೇಳದೆ, ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸುತ್ತಿದ್ದರು. ಪೇತ್ರ ಮತ್ತು ಜೊತೆಗಾರರು ಹುಡುಕಿಕೊಂಡು ಬಂದು, ಎಲ್ಲರೂ ನಿಮ್ಮನ್ನೇ ಹುಡುಕುತ್ತಿದ್ದಾರೆ ಎಂದರು. ನಮಗೆ ಅಂಥ ಮಾತು ಕೇಳಿದರೆ ಹಿಗ್ಗು ಬರುತ್ತಿತ್ತು, ತಕ್ಷಣ ಓಡುತ್ತಿದ್ದೆವು. ಸ್ವಾಮಿ ಓಡಲಿಲ್ಲ. ಬೇರೆ ಊರುಗಳಿಗೂ ಹೋಗಬೇಕಿದೆ, ನಾನು ಬಂದದ್ದೇ ಅದಕ್ಕೆ ಎಂದರು. ಎಲ್ಲರೂ ಕರೆಯುವಾಗ ಯಾವ ಕರೆಗೆ ಓಗೊಡಬೇಕು ಎಂಬುದು ಅವರಿಗೆ ತಿಳಿದದ್ದು ಆ ಬೆಳಗಿನ ಏಕಾಂತದಲ್ಲಿ. ಕೆಲಸ ಬದಲಿಸಬೇಕೋ ಬೇಡವೋ, ಮದುವೆಗೆ ಒಪ್ಪಬೇಕೋ ಬೇಡವೋ ಎಂದು ತೊಳಲಾಡುವ ನಿಮ್ಮ ವಯಸ್ಸಿನವರಿಗೆ ಇದಕ್ಕಿಂತ ದೊಡ್ಡ ಪಾಠವಿಲ್ಲ.

ಅದೇ ಶುಭಸಂದೇಶದ ಆರನೆಯ ಅಧ್ಯಾಯವನ್ನೂ ಓದಿ. ಊಟಕ್ಕೂ ಬಿಡುವಿಲ್ಲದೆ ದಣಿದ ಶಿಷ್ಯರನ್ನು ಸ್ವಾಮಿ ದೋಣಿ ಹತ್ತಿಸಿಕೊಂಡು ಏಕಾಂತ ಸ್ಥಳಕ್ಕೆ ಹೊರಟರೆ, ಜನ ದಡದ ಮೇಲೆ ಓಡಿ ಅವರಿಗಿಂತ ಮೊದಲೇ ಅಲ್ಲಿ ಸೇರಿದ್ದರು. ಸ್ವಾಮಿ ಸಿಡುಕಲಿಲ್ಲ. ಕುರುಬನಿಲ್ಲದ ಕುರಿಗಳಂತಿದ್ದ ಅವರನ್ನು ಕಂಡು ಕರುಳು ಚುರುಕ್ಕೆಂದಿತು. ಬೋಧಿಸಿದರು, ಐದು ಸಾವಿರ ಗಂಡಸರಿದ್ದ ಆ ಗುಂಪಿಗೆ ಊಟ ಬಡಿಸಿದರು. ಎಲ್ಲ ಮುಗಿದ ಮೇಲೆ ಜನರನ್ನು ಕಳಿಸಿ, ತಾವೊಬ್ಬರೇ ಬೆಟ್ಟ ಹತ್ತಿ ಪ್ರಾರ್ಥನೆಗೆ ಕೂತರು. ಏಕಾಂತ ಮುಂದಕ್ಕೆ ಹೋಯಿತು, ಕೈಬಿಟ್ಟು ಹೋಗಲಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಿಕೊಳ್ಳುವ ಮಗಳೇ, ಎಳೆ ಕೂಸಿನ ತಾಯಿಯಾದ ತಂಗಿಯೇ, ಈ ಭಾಗ ನಿಮಗಾಗಿಯೇ ಬರೆದಿಟ್ಟಂತಿದೆ. ಇವತ್ತು ಆಗದಿದ್ದರೆ ನಾಳೆ. ಲೆಕ್ಕದಿಂದ ಮಾತ್ರ ಹೊಡೆದು ಹಾಕಬೇಡಿ.

ನಮ್ಮ ನೆರೆಹೊರೆಯವರನ್ನೂ ನೋಡಿ ಕಲಿಯಿರಿ. ನಾನಿರುವ ಬೀದಿಯಲ್ಲಿ ಒಬ್ಬ ಲಿಂಗಾಯತ ಹಿರಿಯರಿದ್ದಾರೆ. ದಿನವೂ ಬೆಳಗ್ಗೆ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕೂತರೆಂದರೆ ಪೂಜೆ ಮುಗಿಯುವವರೆಗೆ ಯಾರು ಬಂದು ಕೂಗಿದರೂ ಏಳುವುದಿಲ್ಲ. ರಂಜಾನಿನ ಕೊನೆಯ ಹತ್ತು ದಿನ ಮಸೀದಿಯಲ್ಲೇ ಉಳಿದು ಪ್ರಾರ್ಥನೆಯಲ್ಲಿ ಕಳೆಯುವ ಮುಸಲ್ಮಾನ ಬಂಧುಗಳಿದ್ದಾರೆ. ಹರಿಯೂ ಹರನೂ ಒಂದೇ ಮೂರ್ತಿಯಾಗಿ ನಿಂತಿರುವ ಹರಿಹರೇಶ್ವರನ ನಾಡು ನಮ್ಮದು. ದೇವರಿಗೆಂದು ಹೊತ್ತನ್ನು ತೆಗೆದಿಡುವುದು ಈ ನೆಲದ ಹಳೆಯ ರೂಢಿ. ಇಂಥ ನಾಡಿನಲ್ಲಿ ಬೆಳೆದ ಕ್ರೈಸ್ತ ಮಕ್ಕಳಾದ ನಾವು ಭಾನುವಾರದ ಒಂದು ಗಂಟೆಗೂ ಗಡಿಯಾರ ನೋಡುವಂತಾಗಬಾರದು.

ಇಷ್ಟು ಹೇಳುವ ನಾನು ಈ ಮಾತನ್ನು ಬಹಳ ವರ್ಷ ಪಾಲಿಸಲಿಲ್ಲ. ಇದನ್ನು ನಿಮ್ಮಿಂದ ಮುಚ್ಚಿಟ್ಟರೆ ನನ್ನ ಬುದ್ಧಿಮಾತಿಗೆ ಬೆಲೆ ಇರುವುದಿಲ್ಲ. ಕೆಲಸ ಸಿಕ್ಕಿತು, ಮದುವೆಯಾಯಿತು, ಮನೆ ಕಟ್ಟಲು ಸಾಲ ಮಾಡಿದೆ. ಸ್ಕೂಲು ಬಿಟ್ಟ ಮೇಲೆ ಟ್ಯೂಷನ್ನು, ಭಾನುವಾರ ಮಧ್ಯಾಹ್ನವೂ ಟ್ಯೂಷನ್ನು. ತಪಸ್ಸುಕಾಲ ಬಂದಾಗಲೆಲ್ಲ ಧ್ಯಾನಕೂಟಕ್ಕೆ ಕರೆಯುತ್ತಿದ್ದರು. ಪರೀಕ್ಷೆಯ ಸಮಯ, ಬರುವ ವರ್ಷ ನೋಡೋಣ ಎನ್ನುತ್ತಿದ್ದೆ. ಈ ನಡುವೆ ಅಪ್ಪ ತೀರಿಕೊಂಡರು. ಊರಿನ ಮನೆ ಪಾಲಾಗುವಾಗ ತಮ್ಮನಿಗೂ ನನಗೂ ಮಾತಿಗೆ ಮಾತು ಬೆಳೆಯಿತು. ಹಿತ್ತಲಿನ ಮೂರು ಮೊಳ ಜಾಗ, ಅಷ್ಟಕ್ಕೆ ಆರು ವರ್ಷ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆರು ವರ್ಷವೂ ನಾನು ತಪ್ಪದೆ ಪರಮಪ್ರಸಾದ ಸ್ವೀಕರಿಸುತ್ತಿದ್ದೆ. ನನಗೆ ಯಾವ ಅಳುಕೂ ಇರಲಿಲ್ಲ. ಅಷ್ಟು ಜೋರಾಗಿ ಹರಿಯುತ್ತಿತ್ತು ನೀರು.

ಒಂದು ಸಂಜೆ ಪೇಪರು ತಿದ್ದುತ್ತಾ ಕೂತಿದ್ದೆ. ಒಂಬತ್ತನೇ ಕ್ಲಾಸಿನಲ್ಲಿದ್ದ ಮಗಳು ಪಕ್ಕದಲ್ಲಿ ನಿಂತು ಏನೋ ಹೇಳಿದಳು. ಹೂಂ ಅಂದೆ. ಸ್ವಲ್ಪ ಹೊತ್ತಿಗೆ ನೋಡಿದರೆ ಬಾಗಿಲ ಸಂದಿಯಲ್ಲಿ ಕೂತು ಅಳುತ್ತಿದ್ದಾಳೆ. "ಯಾಕಮ್ಮಾ?" ಅಂದೆ. "ಮೂರು ಸಲ ಹೇಳಿದೆ ಅಪ್ಪಾ" ಅಂದಳು. ಸ್ಕೂಲಿನ ದಾರಿಯಲ್ಲಿ ಯಾರೋ ಅವಳನ್ನು ಪೀಡಿಸುತ್ತಿದ್ದರು. ಅದನ್ನು ಹೇಳಲು ಎಷ್ಟು ದಿನದಿಂದ ಧೈರ್ಯ ಕೂಡಿಸಿಕೊಂಡಿದ್ದಳೋ. ಊರ ಮಕ್ಕಳಿಗೆಲ್ಲ ಪಾಠ ಹೇಳುವ ನನಗೆ, ನನ್ನ ಮಗಳ ಮಾತು ಎರಡು ಅಡಿ ದೂರದಿಂದ ಕೇಳಿರಲಿಲ್ಲ. ಅವತ್ತು ಅವಳ ಕೈಹಿಡಿದು ಕೂತು ಎಲ್ಲ ಕೇಳಿಕೊಂಡೆ. ಮಾರನೆಯ ದಿನ ಅದಕ್ಕೊಂದು ದಾರಿ ಮಾಡಿದೆ. ಆದರೆ ರಾತ್ರಿಯೆಲ್ಲ ಒಂದೇ ಯೋಚನೆ: ಕೊನೆಯ ಗದ್ದೆಗೆ ನೀರು ಹೋಗುತ್ತಿಲ್ಲ.

ಆ ವರ್ಷದ ರಜೆಯಲ್ಲಿ ಮೂರು ದಿನದ ಮೌನ ಧ್ಯಾನಕೂಟಕ್ಕೆ ಹೋದೆ. ಅಲ್ಲಿ ನಡೆದದ್ದನ್ನು ಇದ್ದಂತೆ ಹೇಳುತ್ತೇನೆ. ಮೊದಲ ದಿನ ಬರೀ ನಿದ್ದೆ. ಪ್ರಾರ್ಥನೆಗೆ ಕೂತರೆ ತೂಕಡಿಕೆ, ಕೋಣೆಗೆ ಹೋದರೆ ಗೊರಕೆ. ನಾಚಿಕೆಯಾಗಿ ಧ್ಯಾನ ನಡೆಸುವ ಗುರುಗಳಿಗೆ ಹೇಳಿದೆ. ಅವರು ಎಲೀಯ ಪ್ರವಾದಿಯ ಕಥೆ ನೆನಪಿಸಿದರು. ಪ್ರಾಣಭಯದಿಂದ ಓಡಿಬಂದು, ಸಾಕು ದೇವರೇ, ನನ್ನ ಪ್ರಾಣ ತೆಗೆದುಕೋ ಎಂದು ಗಿಡದ ನೆರಳಲ್ಲಿ ಬಿದ್ದುಕೊಂಡವನಿಗೆ ದೇವರು ಉಪದೇಶ ಮಾಡಲಿಲ್ಲ. ದೂತನ ಕೈಲಿ ರೊಟ್ಟಿ, ನೀರು ಕಳಿಸಿ ಎರಡು ಸಲ ಉಣ್ಣಿಸಿದರು, ಮಲಗಲು ಬಿಟ್ಟರು. ಹೋರೇಬ್ ಬೆಟ್ಟ, ಬಿರುಗಾಳಿ, ಭೂಕಂಪ, ಬೆಂಕಿ, ಅದರಾಚೆಯ ಮೆಲುದನಿ ಎಲ್ಲ ಆಮೇಲೆ. ದಣಿದ ದೇಹವನ್ನು ದೇವರು ಮೊದಲು ಮಲಗಿಸುತ್ತಾರೆ. ಆದ್ದರಿಂದ ಮೊದಲ ದಿನ ನಿಮಗೂ ನಿದ್ದೆ ಬಂದರೆ ಹೆದರಬೇಡಿ.

ಎರಡನೆಯ ದಿನ ನಿದ್ದೆ ತೀರಿತು. ಶಾಂತಿ ಸಿಗುತ್ತದೆ ಎಂದು ಕಾದಿದ್ದೆ, ಸಿಟ್ಟು ಬಂತು. ತಮ್ಮನ ಮೇಲೆ ಆರು ವರ್ಷದ ಸಿಟ್ಟು, ಆಡಿದ ಒಂದೊಂದು ಮಾತೂ ನಿನ್ನೆ ಆಡಿದಂತೆ ಎದ್ದು ಬಂತು. ಬಂದದ್ದೇ ತಪ್ಪಾಯಿತು, ವಾಪಸ್ಸು ಹೋಗಿಬಿಡೋಣ ಅನಿಸಿತು. ಸಂಜೆ ಒಬ್ಬನೇ ತೋಟದಲ್ಲಿ ತಿರುಗುತ್ತಿದ್ದಾಗ ಅಪ್ಪನ ಮಾತು ನೆನಪಾಯಿತು. ನೀರು ನಿಂತಿತ್ತು, ಅದಕ್ಕೇ ಹೂಳು ಕಾಣುತ್ತಿತ್ತು. ಇದು ಕೆಡುಕಲ್ಲ, ಕೆಲಸ ಶುರುವಾದ ಗುರುತು. ಮೂರನೆಯ ದಿನ ಪಾಪನಿವೇದನೆಗೆ ಮಂಡಿಯೂರಿದೆ. ಮೂರು ಮೊಳ ಜಾಗದ ಹೆಸರು ಹೇಳಲು ನಾಲಿಗೆ ಬಹಳ ಹೊತ್ತು ಏಳಲಿಲ್ಲ. ಅಲ್ಲಿಂದ ನೇರ ಊರಿಗೆ ಹೋಗಿ ತಮ್ಮನ ಬಾಗಿಲು ತಟ್ಟಿದೆ. ಅವನು ಬಾಗಿಲು ತೆಗೆದು, ಸ್ವಲ್ಪ ಹೊತ್ತು ನೋಡಿ, "ಉಂಡಿದೀಯಾ?" ಅಂದ. ಅಷ್ಟೇ. ಇಬ್ಬರೂ ಕೂತು ಉಂಡೆವು.

ಈಗ ನೀವೇನು ಮಾಡಬೇಕು, ಹೇಗೆ ಮಾಡಬೇಕು, ಅದನ್ನು ಹೇಳುತ್ತೇನೆ.

ಮೊದಲು ದಿನ ಗೊತ್ತುಮಾಡಿ. ಬಿಡುವಾದಾಗ ಹೋಗುತ್ತೇನೆ ಎಂದವನು ಯಾವತ್ತೂ ಹೋಗುವುದಿಲ್ಲ. ಬಿಡುವು ತಾನಾಗಿ ಉಳಿಯುವ ವಸ್ತುವಲ್ಲ, ಬಿತ್ತನೆಯ ಬೀಜದಂತೆ ಮೊದಲೇ ತೆಗೆದಿಡಬೇಕು. ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಮನೆಯವರಿಗೂ ಹೇಳಿ. ಬೂದಿ ಬುಧವಾರದಿಂದ ಪಾಸ್ಖದವರೆಗಿನ ತಪಸ್ಸುಕಾಲ, ಕ್ರಿಸ್ಮಸ್ಸಿಗೆ ಮುಂಚಿನ ಆಗಮನಕಾಲ, ಇವೆರಡೂ ಧರ್ಮಸಭೆ ನಮಗಾಗಿ ಮೊದಲೇ ಗೊತ್ತುಮಾಡಿಟ್ಟ ಹೊತ್ತುಗಳು.

ಹತ್ತಿರದ ಜಾಗ ಹರಿಹರವೇ. ದಾವಣಗೆರೆಯಿಂದ ಹದಿನಾಲ್ಕು ಕಿಲೋಮೀಟರು, ಬಸ್ಸುಂಟು, ರೈಲುಂಟು. ಆರೋಗ್ಯ ಮಾತೆಯ ದೇವಾಲಯ ಈಗ ಬಸಿಲಿಕಾ. ಸೆಪ್ಟೆಂಬರ್ 8ರ ಮಾತೆಯ ಹಬ್ಬಕ್ಕೆ ನೀವೆಲ್ಲ ಹೋಗುತ್ತೀರಿ, ಹೋಗಬೇಕು. ಜಾತಿಮತ ನೋಡದೆ ಬಂದು ಮೇಣದಬತ್ತಿ ಹಚ್ಚುವ ಜನರ ನಡುವೆ ನಿಲ್ಲುವುದೇ ಒಂದು ಭಾಗ್ಯ. ಆದರೆ ನಾನು ಹೇಳುತ್ತಿರುವುದು ಹಬ್ಬದ ದಿನವಲ್ಲ. ಯಾವುದಾದರೂ ಸಾಮಾನ್ಯ ಬುಧವಾರವೋ ಗುರುವಾರವೋ ಹೋಗಿ. ಆ ಹೆಸರಿನ ಅರ್ಥವನ್ನೂ ನೆನೆಯಿರಿ: ಆರೋಗ್ಯ ಮಾತೆ. ಮೈಗೆ ಬಂದ ಜ್ವರಕ್ಕೆ ಹರಕೆ ಹೊರುವ ನಾವು ಮನಸ್ಸಿಗೆ ಬಂದ ಜ್ವರವನ್ನು ಆಕೆಗೆ ಹೇಳಿಕೊಳ್ಳುವುದೇ ಇಲ್ಲ.

ಮೊಬೈಲನ್ನು ಮನೆಯಲ್ಲಿ ಬಿಡಿ. ಬಿಡಲಾಗದಿದ್ದರೆ ಆಫ್ ಮಾಡಿ ಚೀಲದ ತಳಕ್ಕೆ ಹಾಕಿ. ಜೊತೆಗೆ ಗೆಳೆಯರ ಗುಂಪು ಬೇಡ. ಬೈಬಲ್ಲು, ಒಂದು ನೋಟ್ ಪುಸ್ತಕ, ಬುತ್ತಿ, ನೀರು ಸಾಕು. ಶುಭಸಂದೇಶದ ಒಂದೇ ಒಂದು ಭಾಗ ಆರಿಸಿಕೊಳ್ಳಿ, ಹತ್ತು ಹದಿನೈದು ವಚನ. ನಿಧಾನವಾಗಿ ಓದಿ, ನಿಲ್ಲಿ, ಮತ್ತೆ ಓದಿ. ಮನಸ್ಸು ಯಾವ ಮಾತಿನ ಹತ್ತಿರ ತಡೆಯಿತೋ ಅಲ್ಲೇ ಕೂತುಕೊಳ್ಳಿ. ಮೊದಲ ಒಂದು ಗಂಟೆ ಕಷ್ಟ. ಕೈ ತಾನಾಗಿ ಜೇಬಿಗೆ ಹೋಗುತ್ತದೆ, ಇಲ್ಲದ ಕೆಲಸ ನೆನಪಾಗುತ್ತದೆ, ಕಾಲು ಜೋಮು ಹಿಡಿಯುತ್ತದೆ. ಎದ್ದು ಹೋಗಬೇಡಿ. ನೀರು ನಿಲ್ಲಿಸಿದ ಕ್ಷಣಕ್ಕೆ ನಾಲೆ ಬರಿದಾಗುವುದಿಲ್ಲ, ಹೊತ್ತು ಹಿಡಿಯುತ್ತದೆ. ಮಧ್ಯಾಹ್ನದ ಮೇಲೆ ಹೊಳೆಯ ಕಡೆ ನಡೆದು ಬನ್ನಿ. ಕಂಡದ್ದನ್ನು ಎರಡು ಸಾಲು ಬರೆದಿಡಿ. ಪಾಪನಿವೇದನೆಗೆ ಗುರುಗಳ ಸಮಯ ಮೊದಲೇ ಕೇಳಿಕೊಂಡಿರಿ. ಹೂಳು ನೋಡಿದರೆ ಸಾಲದು, ಎತ್ತಿ ಏರಿಯ ಮೇಲೆ ಹಾಕಬೇಕು.

ವರ್ಷಕ್ಕೊಮ್ಮೆ ಮೂರು ದಿನವಾದರೂ ಅನುಭವಸ್ಥರ ಮಾರ್ಗದರ್ಶನದಲ್ಲಿ ಮೌನ ಧ್ಯಾನಕ್ಕೆ ಹೋಗಿ. ಈ ರೂಢಿಗೆ ನಮ್ಮಲ್ಲಿ ದೊಡ್ಡ ಪರಂಪರೆಯಿದೆ. 1521ರಲ್ಲಿ ಯುದ್ಧದಲ್ಲಿ ಕಾಲಿಗೆ ಗುಂಡು ತಗುಲಿ ಹಾಸಿಗೆ ಹಿಡಿದ ಸ್ಪೇನಿನ ಸೈನಿಕ ಇಗ್ನೇಷಿಯಸ್ ಲೊಯೋಲ, ಓದಲು ಬೇರೇನೂ ಸಿಗದೆ ಕ್ರಿಸ್ತನ ಮತ್ತು ಸಂತರ ಚರಿತ್ರೆ ಓದಿದ. ಮುಂದಿನ ವರ್ಷ ಮನ್ರೇಸಾ ಎಂಬ ಊರಿನಲ್ಲಿ, ಹೊಳೆಯ ದಡದಲ್ಲೇ, ತಿಂಗಳುಗಟ್ಟಲೆ ಏಕಾಂತದಲ್ಲಿ ಕಳೆದ. ಅಲ್ಲಿ ಕಂಡುಕೊಂಡದ್ದೇ ಆಧ್ಯಾತ್ಮಿಕ ಸಾಧನೆಗಳ ಕೈಪಿಡಿಯಾಯಿತು. 1548ರಲ್ಲಿ ಪೋಪ್ ಮೂರನೆಯ ಪೌಲರು ಅದಕ್ಕೆ ಸಮ್ಮತಿಯಿತ್ತರು. ಮೂವತ್ತು ದಿನದ ಆ ಸಾಧನೆಯನ್ನು ಎಂಟು ದಿನಕ್ಕೆ, ಮೂರು ದಿನಕ್ಕೆ ಇಳಿಸಿ ಇಂದಿಗೂ ನಡೆಸುತ್ತಾರೆ. 1988ರಲ್ಲಿ ಸ್ಥಾಪನೆಯಾದ ನಮ್ಮ ಶಿವಮೊಗ್ಗ ಧರ್ಮಕ್ಷೇತ್ರದ ಧರ್ಮಾಧ್ಯಕ್ಷರಾಗಿ ಬಂದ ಫ್ರಾನ್ಸಿಸ್ ಸೆರಾವೊ ಅವರೂ ಇಗ್ನೇಷಿಯಸ್ ಕಟ್ಟಿದ ಯೇಸುಸಭೆಯವರೇ. ಮಂಗಳೂರಿನ ಫಾತಿಮಾ ಧ್ಯಾನಮಂದಿರ ಅದೇ ಸಭೆಯವರದು. ಮೂಲ್ಕಿಯಲ್ಲಿ ಡಿವೈನ್ ಕಾಲ್ ಸೆಂಟರ್ ಇದೆ. ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಫಾದರ್ ಅಮಲೋರ್ಪವದಾಸ್ ಅವರು 1979ರಲ್ಲಿ ಕಟ್ಟಿದ ಅಂಜಲಿ ಆಶ್ರಮದಲ್ಲಿ, ನಮ್ಮ ನಾಡಿನ ಋಷಿಗಳಂತೆ ನೆಲದ ಮೇಲೆ ಕೂತು ಕ್ರಿಸ್ತನನ್ನು ಧ್ಯಾನಿಸುವುದನ್ನು ಕಲಿಯಬಹುದು. ಸಿಎಸ್‌ಐ ಮತ್ತು ಇತರ ಸಭೆಗಳ ಮಕ್ಕಳಿಗೂ ನನ್ನ ಮಾತು ಇದೇ. ನಿಮ್ಮ ಸಭಾಪಾಲಕರನ್ನು ಕೇಳಿ ಉಪವಾಸ ಪ್ರಾರ್ಥನೆಗೋ ಏಕಾಂತ ಧ್ಯಾನಕ್ಕೋ ಒಂದು ದಿನ ಇಟ್ಟುಕೊಳ್ಳಿ. ನೀರು ಒಂದೇ ಅಣೆಕಟ್ಟೆಯದು.

ದಿನಗೂಲಿ ಮಾಡುವ ತಮ್ಮಾ, ರಜೆ ಹಾಕಿದರೆ ಅಂದಿನ ಗಂಜಿಗೆ ಕಲ್ಲು ಎಂದು ನೀನು ಹೇಳುವುದು ನನಗೆ ಕೇಳಿಸುತ್ತದೆ. ನಿನ್ನನ್ನು ದೇವರು ಮೂರು ದಿನ ಕೇಳುವುದಿಲ್ಲ. ಬೆಳಗ್ಗೆ ಎಲ್ಲರೂ ಏಳುವ ಮುಂಚೆ ಮಾಳಿಗೆಯ ಮೇಲೆ ಇಪ್ಪತ್ತು ನಿಮಿಷ. ಭಾನುವಾರ ಪೂಜೆಗೆ ಒಂದು ಗಂಟೆ ಮೊದಲೇ ಬಂದು ದೇವಾಲಯದ ಹಿಂದಿನ ಬೆಂಚಿನಲ್ಲಿ ಮೌನ. ರಾತ್ರಿ ಮಲಗುವ ಮುಂಚೆ ಐದು ನಿಮಿಷ ದಿನವನ್ನು ಹಿಂತಿರುಗಿ ನೋಡು: ಎಲ್ಲಿ ದೇವರ ಕೈ ಕಂಡೆ, ಎಲ್ಲಿ ಕೈ ಬಿಡಿಸಿಕೊಂಡೆ? ಇದೂ ಇಗ್ನೇಷಿಯಸ್ ಕಲಿಸಿದ ಸಾಧನೆಯೇ. ನೈಟ್ ಡ್ಯೂಟಿ ಮುಗಿಸಿ ಬರುವ ಮಗಳೇ, ನೀನು ಮೊದಲು ಮಲಗು. ಎದ್ದ ಮೇಲೆ ಫೋನು ಮುಟ್ಟುವ ಮುಂಚಿನ ಹತ್ತು ನಿಮಿಷ ಸ್ವಾಮಿಗೆ ಕೊಡು.

ಕೆಲವು ಎಚ್ಚರಿಕೆಯ ಮಾತು. ಅಧ್ಯಾತ್ಮದ ಹೆಸರಿನಲ್ಲಿ ಮಾತ್ರೆ ನಿಲ್ಲಿಸು, ಡಾಕ್ಟರನ್ನು ಬಿಡು, ಮನೆಯವರ ಜೊತೆ ಸೇರಬೇಡ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಏಕಾಂತದಲ್ಲಿ ಕೂತಾಗ ತಡೆಯಲಾರದ ದುಃಖವೋ, ಬದುಕೇ ಬೇಡ ಅನ್ನುವ ಯೋಚನೆಯೋ ಎದ್ದರೆ ಒಬ್ಬರೇ ಹೊರಬೇಡಿ. ಗುರುಗಳಿಗೂ ಹೇಳಿ, ಮನೆಯವರಿಗೂ ಹೇಳಿ, ವೈದ್ಯರ ಹತ್ತಿರವೂ ಹೋಗಿ. ಎಲೀಯನಿಗೆ ರೊಟ್ಟಿ ಕಳಿಸಿದ ದೇವರೇ ನಮಗೆ ವೈದ್ಯರನ್ನು ಕೊಟ್ಟಿರುವುದು.

ಇನ್ನೊಂದು: ಧ್ಯಾನಕ್ಕೆ ಹೋಗಿ ಬಂದೆನೆಂಬ ಹೆಮ್ಮೆ ಹೊತ್ತು ತರಬೇಡಿ. ಲೂಕನ ಹತ್ತನೆಯ ಅಧ್ಯಾಯದಲ್ಲಿ ಎರಡು ಪ್ರಸಂಗಗಳು ಬೆನ್ನಿಗೆ ಬೆನ್ನು ಕೊಟ್ಟು ಕೂತಿವೆ. ದಾರಿಯಲ್ಲಿ ಬಿದ್ದವನ ಗಾಯಕ್ಕೆ ಎಣ್ಣೆ ಸವರಿದ ಸಮಾರಿಯದವನದು ಮೊದಲು. ಅದರ ಹಿಂದೆಯೇ ಸ್ವಾಮಿಯ ಪಾದದ ಬಳಿ ಕೂತ ಮರಿಯಳದು. ಮರಿಯಳಂತೆ ಕೂತು ಎದ್ದವನು ಸಮಾರಿಯದವನಂತೆ ದಾರಿಯಲ್ಲಿ ಬಗ್ಗದಿದ್ದರೆ ಆ ಕೂತದ್ದು ವ್ಯರ್ಥ. ನಿಮ್ಮ ಧ್ಯಾನ ಸರಿಯಾಯಿತೇ ಎಂದು ನಿಮ್ಮನ್ನು ಕೇಳಿಕೊಳ್ಳಬೇಡಿ. ನಿಮ್ಮ ನಾಲೆಯ ಕೊನೆಯ ಗದ್ದೆ ಯಾರದು ಎಂದು ನೋಡಿ. ಅಡುಗೆಮನೆಯಲ್ಲಿ ಒಬ್ಬಳೇ ದುಡಿಯುವ ಅಮ್ಮನೋ, ಮಾತು ಬಿಟ್ಟ ಅಣ್ಣನೋ, ಹಾಸ್ಟೆಲ್ಲಿನಲ್ಲಿ ಯಾರೂ ಮಾತಾಡಿಸದ ಪಕ್ಕದ ರೂಮಿನವನೋ. ಅವರ ಮುಖ ನಿಮಗೆ ಉತ್ತರ ಹೇಳುತ್ತದೆ.

ಕೊನೆಯಲ್ಲಿ ಅಪ್ಪನಿಂದ ಕಲಿತ ಇನ್ನೊಂದು ಸಂಗತಿ. ಹೂಳೆತ್ತಿದ ನಾಲೆಗೆ ಮತ್ತೆ ನೀರು ಬಿಟ್ಟಾಗ ಮೊದಲು ಬರುವ ನೀರು ಕೆಂಪಗೆ, ನೊರೆ ಹೊತ್ತು, ತರಗೆಲೆ ತಳ್ಳಿಕೊಂಡು ಬರುತ್ತದೆ. ಹುಡುಗರಾದ ನಾವು, "ನೀರು ಕೆಟ್ಟೋಗೈತಿ" ಎಂದು ಕೂಗುತ್ತಿದ್ದೆವು. ಅಪ್ಪ ತೂಬಿನ ಕಟ್ಟೆಯ ಮೇಲೆ ನಿಂತು, "ತಡೀರಿ, ತಿಳಿ ಹಿಂದೆ ಬರ್ತೈತಿ" ಅನ್ನುತ್ತಿದ್ದರು. ಧ್ಯಾನ ಮುಗಿಸಿ ಬಂದ ಮೊದಲ ವಾರದಲ್ಲೇ ನೀವು ಸಿಡುಕಬಹುದು, ಹಳೆಯ ಚಾಳಿಗೆ ಜಾರಬಹುದು. ಹೋದದ್ದು ದಂಡವಾಯಿತು ಎಂದುಕೊಳ್ಳಬೇಡಿ. ತಡೀರಿ, ತಿಳಿ ಹಿಂದೆ ಬರುತ್ತದೆ.

ಬೆಂಗಳೂರಿನ ಬಸ್ಸು ಹತ್ತಿ ಹೋದ ಮಗನೇ, ಈಗ ನಿನಗೊಂದು ಮಾತು. ಮುಂದಿನ ಸಲ ಒಂದು ದಿನ ರಜೆ ಸೇರಿಸಿಕೊಂಡು ಬಾ. ಬೆಳಗ್ಗೆ ನಿನ್ನಮ್ಮ ಮಾಡಿದ್ದನ್ನು ತಿಂದು ಹರಿಹರಕ್ಕೆ ಬಂದುಬಿಡು. ನಾನು ಆರೋಗ್ಯ ಮಾತೆಯ ಅಂಗಳದಲ್ಲಿ ಕೂತಿರುತ್ತೇನೆ. ಆಮೇಲೆ ಅಪ್ಪ ಕೂರುತ್ತಿದ್ದ ಹೊಳೆದಂ​ಡೆಯ ಕಡೆಗೆ ಕರೆದುಕೊಂಡು ಹೋಗುತ್ತೇನೆ. ನಾನೇನೂ ಮಾತಾಡುವುದಿಲ್ಲ, ಪಕ್ಕದಲ್ಲಿ ಕೂತಿರುತ್ತೇನೆ ಅಷ್ಟೆ. ಸಂಜೆ ನಿನ್ನನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟು ಬರುತ್ತೇನೆ. ಬುತ್ತಿ ನಾನೇ ತರುತ್ತೇನೆ, ಇಬ್ಬರಿಗೂ ಆಗುವಷ್ಟು ರೊಟ್ಟಿ.